ಗೇಮಿನ ಕ್ಯಾರೆಕ್ಟರಿಗೆ ಕ್ರಿಸ್ಮಸ್ ವೇಷ: ಸಾಂಟಾ ಡ್ರೆಸ್ಸಾ, ಸ್ವೆಟರಾ, ಹಿಮದ ಗೊಂಬೆಯಾ, ಯಾವುದು ತಗೊಳ್ಳುದು?

ಕಾಸರಗೋಡಲ್ಲಿ ಡಿಸೆಂಬರ್ ಪರೀಕ್ಷೆ ಮುಗೀತು ಅಂದ್ರೆ ಸುಮಾರು 10 ದಿನ ಕ್ರಿಸ್ಮಸ್ ರಜೆ, ನಮ್ಮ ಕನ್ನಡ ಮೀಡಿಯಂ ಶಾಲೆಗಳಿಗೂ ಕೇರಳದ್ದೇ ಕ್ಯಾಲೆಂಡರ್ ಅಲ್ವಾ. ಹಾಗಾಗಿ ಬೇಳದ ಇಗರ್ಜಿ ಕಡೆ ಮನೆಮನೆಯಲ್ಲಿ ನಕ್ಷತ್ರ ತೂಗಾಡ್ಲಿಕ್ಕೆ ಶುರುವಾಗುವ ಹೊತ್ತಿಗೆ ಸರಿಯಾಗಿ ನನ್ನ ಫೋನಿಗೂ ಮೆಸೇಜ್ ಶುರು: "ಅಣ್ಣಾ, 500 ರುಪಾಯಿ ಉಂಟು, ಸಾಂಟಾ ಸ್ಕಿನ್ ತಗೊಳ್ಳುದಾ ಆ ಜಿಂಜರ್‌ಬ್ರೆಡ್ ತಗೊಳ್ಳುದಾ?" ಅಂತ ಹುಡುಗರು (ಸ್ಕಿನ್ ಅಂದ್ರೆ ಗೇಮಲ್ಲಿ ಹಾಕುವ ವೇಷ), "ಮಗಳು ಹಠ ಹಿಡಿದಿದ್ದಾಳೆ, ಕೊಡಿಸಿದ್ರೆ ದುಡ್ಡು ದಂಡವಾ?" ಅಂತ ಅಪ್ಪ ಅಮ್ಮಂದಿರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡುದಕ್ಕಿಂತ ಒಂದೇ ಕಡೆ ಬರೆದಿಡ್ತೇನೆ. ಗೇಮಲ್ಲಿ ಬಟ್ಟೆಗೆ ದುಡ್ಡು ಹಾಕುದು ಹುಚ್ಚು ಅಂತ ಹೇಳುವವನಲ್ಲ ನಾನು, ಒಳ್ಳೆ ವೇಷ ಹಾಕಿ ಆಡಿದ್ರೆ ಖುಷಿ ಆಗ್ತದೆ, ಅದು ನಿಜವಾದ ಖುಷಿಯೇ. ಆದ್ರೆ ಆರಿಸುವಾಗ ಜನ ನೋಡುದೇ ಬೇರೆ, ನೋಡಬೇಕಾದ್ದೇ ಬೇರೆ, ಅದಕ್ಕೇ ಇಷ್ಟೆಲ್ಲ.

ಮೊದಲು ಏನೆಲ್ಲ ನೋಡಬೇಕು ಅಂತ ಹೇಳ್ತೇನೆ, ಆಮೇಲೆ ಒಂದೊಂದೇ ವೇಷ.

ಬೆನ್ನು ನೋಡಿ

ಅಂಗಡಿ ಪೇಜಲ್ಲಿ ಕ್ಯಾರೆಕ್ಟರ್ ನಿಮ್ಮ ಕಡೆ ಮುಖ ಮಾಡಿ ನಿಂತಿರ್ತದೆ. ಗಡ್ಡ, ಬೆಲ್ಟು, ಹೊಳೆಯುವ ಗುಂಡಿ, ಎದೆ ಮೇಲೆ ಹಿಮಸಾರಂಗದ ಚಿತ್ರ, ಎಲ್ಲ ಕಾಣ್ತದೆ, ಭಾರೀ ಲಾಯ್ಕ್ ಅನಿಸ್ತದೆ. ತಗೊಂಡು ಮ್ಯಾಚಿಗೆ ಹೋದ್ರೆ? ಫೋರ್ಟ್‌ನೈಟ್, ಫ್ರೀ ಫೈರ್ ಮ್ಯಾಕ್ಸ್, ರೋಬ್ಲಾಕ್ಸ್, ಥರ್ಡ್ ಪರ್ಸನಲ್ಲಿ, ಅಂದ್ರೆ ಕ್ಯಾರೆಕ್ಟರನ್ನು ಹಿಂದಿನಿಂದ ನೋಡಿ, ಆಡುವ ಬಿಜಿಎಂಐ (ಪಬ್‌ಜಿ ಮೊಬೈಲಿನ ಇಂಡಿಯಾದ ಆವೃತ್ತಿ), ಇದ್ರಲ್ಲೆಲ್ಲ ಇಡೀ ಹೊತ್ತು ನಿಮಗೆ ಕಾಣುದು ಕ್ಯಾರೆಕ್ಟರಿನ ಬೆನ್ನು. ಎದೆ ಮೇಲಿನ ಚಿತ್ರ ಮ್ಯಾಚಿಗೆ ಮೊದಲು ಲಾಬಿಯಲ್ಲಿ ನಿಂತಾಗ ಮಾತ್ರ. ಬೆನ್ನು ಬರೇ ಕೆಂಪು ಬಟ್ಟೆ, ಅದರ ಮೇಲೆ ದೊಡ್ಡ ಬ್ಯಾಗು ಅಂತಾದ್ರೆ ನೀವು ದುಡ್ಡು ಕೊಟ್ಟದ್ದು ಒಂದು ಕೆಂಪು ಚೌಕಕ್ಕೆ. ಹಾಗಾಗಿ ಪ್ರಿವ್ಯೂ ಇದ್ರೆ ಬೆರಳಲ್ಲಿ ತಿರುಗಿಸಿ, ಹಿಂದಿನಿಂದ ನೋಡಿ, ಟೊಪ್ಪಿಯ ತುದಿ ಬೆನ್ನ ಮೇಲೆ ಇಳಿದು ಬಿದ್ದಿದೆಯಾ, ಕಾಲರಲ್ಲಿ ಬಿಳಿ ತುಪ್ಪಟ ಉಂಟಾ, ಕೋಟಿನ ಅಂಚು ಓಡುವಾಗ ಅಲ್ಲಾಡ್ತದಾ, ಅದನ್ನು ನೋಡಿ.

ಕ್ಯಾರೆಕ್ಟರಿನ ಕಣ್ಣಿನಿಂದಲೇ ನೋಡಿ ಆಡುವ ಫಸ್ಟ್ ಪರ್ಸನ್ ಗೇಮಲ್ಲಿ ಅದೂ ಇಲ್ಲ. ಓವರ್‌ವಾಚಲ್ಲಿ ನಿಮ್ಮ ವೇಷದ ಪೈಕಿ ನಿಮಗೆ ಕಾಣುದು ಎರಡು ಕೈ, ಗನ್ನು, ಅಷ್ಟೇ, ಉಳಿದದ್ದೆಲ್ಲ ಎದುರಿನವರಿಗೆ. ಲೀಗ್ ಆಫ್ ಲೆಜೆಂಡ್ಸ್ ತರದ್ದರಲ್ಲಿ ಮೇಲಿಂದ ನೋಡುದು, ಕ್ಯಾರೆಕ್ಟರ್ ಸ್ಕ್ರೀನಲ್ಲಿ ಹೆಬ್ಬೆರಳಿನಷ್ಟು, ಅಲ್ಲಿ ಕಸೂತಿ ಗಿಸೂತಿ ಯಾವುದೂ ಲೆಕ್ಕಕ್ಕಿಲ್ಲ, ಬಣ್ಣ ಮತ್ತು ತಲೆ ಮೇಲೆ ಏನುಂಟು ಅನ್ನುದೇ ಎಲ್ಲ. ಮತ್ತೆ ವ್ಯಾಲೊರೆಂಟ್ ಆಡುವವರು ತುಂಬಾ ಜನ ಕೇಳ್ತಾರೆ, ಅದ್ರಲ್ಲಿ ಏಜೆಂಟುಗಳಿಗೆ, ಅಂದ್ರೆ ಕ್ಯಾರೆಕ್ಟರುಗಳಿಗೆ, ಬಟ್ಟೆ ಮಾರುದೇ ಇಲ್ಲ, ಸ್ಕಿನ್ ಇರುದು ಗನ್ನಿಗೆ. 2021ರ ಡಿಸೆಂಬರಲ್ಲಿ ಬಂದ ಸ್ನೋಫಾಲ್ ಸೆಟ್ ಕೂಡ ಗನ್ನಿನದ್ದೇ. ಅದರ ಜೆಟ್ ಅನ್ನುವ ಏಜೆಂಟಿಗೆ ಸಾಂಟಾ ಡ್ರೆಸ್ ಅಂತ ಯಾರಾದ್ರೂ ಲಿಂಕ್ ಕಳಿಸಿದ್ರೆ ಒತ್ಲಿಕ್ಕೆ ಹೋಗ್ಬೇಡಿ.

ಗುರುತು ಉಳಿಯುತ್ತದಾ

ಎರಡನೆಯದ್ದು, ನನಗೆ ತುಂಬಾ ಮುಖ್ಯ. ಯಕ್ಷಗಾನದಲ್ಲಿ ರಾತ್ರಿ ಎರಡು ಗಂಟೆಗೆ ಗದ್ದೆಯ ಆ ತುದಿಯಲ್ಲಿ ಕೂತಿದ್ರೂ ತಲೆಯ ಮೇಲಿನದ್ದು ನೋಡಿಯೇ ಇದು ಬಣ್ಣದ ವೇಷ, ಇದು ಕಿರೀಟ ವೇಷ, ಇದು ಪುಂಡುವೇಷ ಅಂತ ಗೊತ್ತಾಗ್ತದೆ, ಮುಖ ಕಾಣಬೇಕಂತಲೇ ಇಲ್ಲ. ಗೇಮಿನ ಕ್ಯಾರೆಕ್ಟರೂ ಹಾಗೆಯೇ. ಹಬ್ಬದ ಬಟ್ಟೆ ಹಾಕಿದ ಮೇಲೂ ದೂರದಿಂದ ಅದೇ ಆಳು ಅಂತ ತಿಳೀಬೇಕು. ಟೀಮ್ ಗೇಮಲ್ಲಿ ಇದು ಬರೇ ಚಂದದ ವಿಷಯ ಅಲ್ಲ, ಎದುರು ಬಂದದ್ದು ಯಾರು, ಅವರ ಹತ್ರ ಯಾವ ಪವರ್ ಉಂಟು ಅಂತ ಅರ್ಧ ಸೆಕೆಂಡಲ್ಲಿ ತಿಳಿದ್ರೆ ಮಾತ್ರ ಆಟ.

ಓವರ್‌ವಾಚಿನ ಮೇ ಅಂತ ಒಬ್ಬಳು ಇದ್ದಾಳೆ, ಹವಾಮಾನ ವಿಜ್ಞಾನಿ, ಮೊದಲೇ ದಪ್ಪ ಚಳಿ ಕೋಟು ಹಾಕಿದವಳು. 2016ರ ಡಿಸೆಂಬರಲ್ಲಿ ಆ ಗೇಮಿನ ಚಳಿಗಾಲದ ಹಬ್ಬ ವಿಂಟರ್ ವಂಡರ್‌ಲ್ಯಾಂಡ್ ಶುರುವಾದಾಗ ಅವಳ ಕೋಟನ್ನೇ ಕೆಂಪು ಮಾಡಿ ಸಾಂಟಾ ಟೊಪ್ಪಿ ಇಟ್ರು. ತುಂಬಾ ಸಣ್ಣ ಬದಲಾವಣೆ, ಆದ್ರೆ ಆಕಾರ ಒಂಚೂರೂ ಕೆಡಲಿಲ್ಲ. ಅದೇ ಸಲ ಜೆನ್ಯಾಟಾಗೆ ನಟ್‌ಕ್ರ್ಯಾಕರ್ ವೇಷ ಬಂತು, ಯೂರೋಪಿನಲ್ಲಿ ಕ್ರಿಸ್ಮಸಿಗೆ ಇಡುವ, ಬಾಯಲ್ಲಿ ಬೀಜ ಒಡೆಯುವ ಮರದ ಸಿಪಾಯಿ ಗೊಂಬೆ ಉಂಟಲ್ಲ, ಅದು. ಜೆನ್ಯಾಟಾ ಹೇಗೂ ರೋಬೋಟು, ಗೊಂಬೆಯ ಮುಖ ಇಟ್ರೆ ಅವನ ಮುಖಕ್ಕೆ ಒಪ್ಪಿಯೇ ಒಪ್ತದೆ, ಗಾಳಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತದ್ದು ಹಾಗೇ ಇರ್ತದೆ. ನನ್ನ ಕಣ್ಣಿಗೆ ಹಬ್ಬದ ವೇಷ ಅಂದ್ರೆ ಹೀಗಿರಬೇಕು, ಹಬ್ಬವನ್ನು ಕ್ಯಾರೆಕ್ಟರಿನ ಮೇಲೆ ಹೊದಿಸುದಲ್ಲ, ಈ ಕ್ಯಾರೆಕ್ಟರ್ ಹಬ್ಬದಲ್ಲಿ ಏನಾಗ್ತಿತ್ತು ಅಂತ ಯೋಚಿಸಿ ಮಾಡುದು.

ಮೂರನೆಯದ್ದು ಜನವರಿ. ಡಿಸೆಂಬರ್ 20ಕ್ಕೆ ತಗೊಂಡ ವೇಷ ಜನವರಿ 5ಕ್ಕೆ ಹಾಕ್ಲಿಕ್ಕೆ ಮನಸ್ಸಾಗ್ತದಾ? ಮಾರ್ಚಿನಲ್ಲಿ? ಕೆಲವು ಆಗ್ತದೆ, ಕೆಲವು ಸಾಧ್ಯವೇ ಇಲ್ಲ. ನಾಲ್ಕನೆಯದ್ದು ಸಿಗುವ ದಾರಿ: ನೇರ ಬೆಲೆಯಾ, ಪೆಟ್ಟಿಗೆ ಒಡೆದು ಅದೃಷ್ಟವಾ, ಆಡಿ ಸಂಪಾದಿಸುದಾ, ಫ್ರೀಯಾ, ನೀವೇ ಮಾಡುದಾ. ಇದನ್ನು ಕೊನೆಗೆ ಬಿಡಿಸಿ ಹೇಳ್ತೇನೆ, ಯಾಕಂದ್ರೆ ದುಡ್ಡು ಹೋಗುದು ಇಲ್ಲೇ.

ಪೂರ್ತಿ ಸಾಂಟಾ ಡ್ರೆಸ್

ಕೆಂಪು ಕೋಟು, ಬಿಳಿ ಅಂಚು, ಕಪ್ಪು ಬೆಲ್ಟು. ಯಾರಿಗೂ ವಿವರಿಸಬೇಕಿಲ್ಲ, ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಹಾಕಿದ ಕೂಡ್ಲೇ ಹಬ್ಬ. ಹೊಟ್ಟೆ ಗಡ್ಡ ಮೊದಲೇ ಇರುವ ಕ್ಯಾರೆಕ್ಟರಿಗೆ ಇದರಷ್ಟು ಚಂದ ಬೇರೆ ಇಲ್ಲ. ಲೀಗ್ ಆಫ್ ಲೆಜೆಂಡ್ಸಿನ ಸಾಂಟಾ ಗ್ರಾಗಸ್, ಓವರ್‌ವಾಚಿನ ಟೋರ್ಬ್‌ಯೋನ್ ಸಾಂಟಾಕ್ಲಾಡ್, ಇವರಿಗೆ ಅಂಗಿ ಬದಲಿಸಿದ್ರೆ ಸಾಕಿತ್ತು. ಸಪೂರ ಆಳು, ನಿಂಜಾ, ಸ್ನೈಪರ್, ಇಂಥವರಿಗೆ ಅದೇ ಕೋಟು ಹಾಕಿದ್ರೆ ಎಲ್ಲರೂ ಒಂದೇ ಬ್ಯಾಂಡ್ ಸೆಟ್ಟಿನವರ ಹಾಗೆ ಕಾಣ್ತಾರೆ.

ಇನ್ನೊಂದು, ಶೂಟಿಂಗ್ ಗೇಮಲ್ಲಿ ಕೆಂಪು ಅಂದ್ರೆ ಹಸಿರು ಹುಲ್ಲಲ್ಲಿ, ಬಿಳಿ ಹಿಮದಲ್ಲಿ, ಎಲ್ಲ ಕಡೆ ಎದ್ದು ಕಾಣ್ತದೆ. ರ‍್ಯಾಂಕ್ ಮೇಲೇರಿಸ್ಲಿಕ್ಕೆ ಆಡುವವರು ಇದನ್ನು ಬಿಡುದೇ ಒಳ್ಳೆದು. ಜನವರಿಯ ಲೆಕ್ಕದಲ್ಲೂ ಇದು ಸೋತಿತು, ವರ್ಷದಲ್ಲಿ ಎರಡು ವಾರದ ಬಟ್ಟೆ. ಹಾಗಾಗಿ ಸಾಂಟಾ ಡ್ರೆಸ್ ಫ್ರೀ ಸಿಕ್ಕಿದ್ರೆ ಕಣ್ಣು ಮುಚ್ಚಿ ತಗೊಳ್ಳಿ, ಕಡಿಮೆಗೆ ಸಿಕ್ಕಿದ್ರೆ ಯೋಚಿಸಿ, ದುಬಾರಿ ಇದ್ರೆ ನಾನಂತೂ ಬೇಡ ಹೇಳ್ತೇನೆ.

ಸ್ವೆಟರು, ಮಫ್ಲರು, ಟೊಪ್ಪಿ

ಇದು ಹಬ್ಬವನ್ನು ಸಣ್ಣ ದನಿಯಲ್ಲಿ ಹೇಳುವ ಬಟ್ಟೆ. ಉಣ್ಣೆಯ ಸ್ವೆಟರಲ್ಲಿ ಹಿಮದ ಹರಳು, ಮರ, ಜಿಂಕೆ. ಕ್ಯಾರೆಕ್ಟರಿನ ಮುಖ ಕೂದಲು ಎಲ್ಲ ಹಾಗೇ ಇರ್ತದೆ, ಗುರುತು ಹೋಗುದಿಲ್ಲ, ಫೆಬ್ರವರಿಯಲ್ಲೂ ಹಾಕಬಹುದು, ಯಾರೂ ಎಂತ ಇದು ಅಂತ ಕೇಳುದಿಲ್ಲ. ಬೆನ್ನಿನ ಪರೀಕ್ಷೆಯಲ್ಲಿ ಮಾತ್ರ ಜಾಗ್ರತೆ, ಸ್ವೆಟರಿನ ಚಂದ ಎಲ್ಲ ಎದೆಯಲ್ಲಿ ಇರುದು ಜಾಸ್ತಿ. ಹಿಂದುಗಡೆಯೂ ನಮೂನೆ ಸುತ್ತಿ ಬಂದಿದ್ರೆ ಮಾತ್ರ ಥರ್ಡ್ ಪರ್ಸನ್ ಗೇಮಿಗೆ ತಗೊಳ್ಳಿ. ಮೇಲಿಂದ ನೋಡುವ ಗೇಮಿಗೆ ಇದು ವೇಸ್ಟ್, ಬರೇ ಬಣ್ಣದ ಚುಕ್ಕೆ.

ರೋಬ್ಲಾಕ್ಸ್ ಆಡುವ ಸಣ್ಣ ಮಕ್ಕಳಿಗೆ ನಾನು ಕೇಳದೇ ಹೇಳುದು ಇದನ್ನೇ, ಯಾಕಂದ್ರೆ ಅಲ್ಲಿ ಅಂಗಿ ಬೇರೆ, ಟೊಪ್ಪಿ ಬೇರೆ, ಚೂರು ಚೂರಾಗಿ ಸೇರಿಸಬಹುದು. ಒಂದು ಮಫ್ಲರ್ ತಗೊಂಡ್ರೆ ಇಡೀ ಚಳಿಗಾಲ ಬೇರೆ ಬೇರೆ ಅಂಗಿಯ ಜೊತೆ ನಡೀತದೆ.

ಜಿಂಜರ್‌ಬ್ರೆಡ್, ನಟ್‌ಕ್ರ್ಯಾಕರ್, ಸ್ನೋಮ್ಯಾನ್

ಇಲ್ಲಿ ಕ್ಯಾರೆಕ್ಟರೇ ಹಬ್ಬದ ವಸ್ತು ಆಗಿಬಿಡ್ತದೆ. ಫೋರ್ಟ್‌ನೈಟಿನ ಮೆರ‍್ರಿ ಮರಾಡರ್, ಜಿಂಜರ್ ಗನ್ನರ್ ಎರಡೂ ಜಿಂಜರ್‌ಬ್ರೆಡ್ ಬಿಸ್ಕೆಟಿನ ಆಳುಗಳು, ಕ್ರ್ಯಾಕ್‌ಶಾಟ್ ದೊಡ್ಡ ಮರದ ತಲೆಯ ನಟ್‌ಕ್ರ್ಯಾಕರ್. ಮೂರೂ 2017ರ ಡಿಸೆಂಬರಲ್ಲಿ ಬಂದದ್ದು, ಆಮೇಲೆ ಕ್ರಿಸ್ಮಸ್ ಟೈಮಲ್ಲಿ ಅಂಗಡಿಗೆ ತಿರುಗಿ ಬರ್ತಾ ಇದ್ದಾವೆ. ನನಗೆ ಈ ಜಾತಿಯ ವೇಷದ ಮೇಲೆ ಪ್ರೀತಿ ಜಾಸ್ತಿ, ಮುಚ್ಚಿಡುದಿಲ್ಲ. ಜಿಂಜರ್‌ಬ್ರೆಡ್ಡನ್ನು ಹಿಂದಿನಿಂದ ನೋಡಿದ್ರೂ ಜಿಂಜರ್‌ಬ್ರೆಡ್ಡೇ, ಕಂದು ಮೈ, ಮೇಲೆ ಸಕ್ಕರೆಯ ಬಿಳಿ ಗೆರೆ. ನಮ್ಮ ಕಡೆ ಕೊಂಕಣಿ ಕ್ರಿಶ್ಚಿಯನ್ನರ ಮನೆಯಿಂದ ಕುಸ್ವಾರಿನ ತಟ್ಟೆ ಬರ್ತದಲ್ಲ, ನೆವರಿ, ಗುಳಿಯೊ, ಕಿಡ್ಯೊ ಎಲ್ಲ ತುಂಬಿಸಿದ್ದು, ಹಾಗೆ ತಿಂಡಿ ಕಂಡ್ರೇ ಕ್ರಿಸ್ಮಸ್ ಅನಿಸುವ ನಮಗೆ ತಿಂಡಿಯ ವೇಷ ಬೇಗ ಹಿಡಿಸ್ತದೆ.

ತೊಂದರೆ ಎರಡು. ದೊಡ್ಡ ತಲೆ ಸಣ್ಣ ಫೋನ್ ಸ್ಕ್ರೀನಲ್ಲಿ ಗುರಿ ಇಡುವಾಗ ಅಡ್ಡ ಬಂದ ಹಾಗೆ ಆಗ್ತದೆ, ಕೆಲವರಿಗೆ ಅದು ಕಿರಿಕಿರಿ. ಮತ್ತೆ ಬೆಲೆ. ಫೋರ್ಟ್‌ನೈಟಲ್ಲಿ ವೇಷಗಳ ಬೆಲೆ ಸಾಧಾರಣವಾಗಿ 800, 1200, 1500, 2000 ವಿ-ಬಕ್ಸ್ (ಆ ಗೇಮಿನ ದುಡ್ಡು) ಅಂತ ಮೆಟ್ಟಿಲು, ಇಂಥ ಪೂರ್ತಿ ಬದಲಾದ ವೇಷ ಮೇಲಿನ ಮೆಟ್ಟಿಲಲ್ಲೇ ಇರುದು ಜಾಸ್ತಿ. ಆದ್ರೂ ಒಂದೇ ವೇಷ ತಗೊಳ್ಳುದು ಅಂತಿದ್ರೆ, ವರ್ಷಗಟ್ಟಲೆ ಇಟ್ಟುಕೊಳ್ಳುದು ಅಂತಿದ್ರೆ, ಇದರಲ್ಲಿ ಹಾಕಿ. ಸಾಂಟಾ ಡ್ರೆಸ್ ಏಪ್ರಿಲಲ್ಲಿ ವಿಚಿತ್ರ ಕಾಣ್ತದೆ, ಓಡುವ ಬಿಸ್ಕೆಟು ಏಪ್ರಿಲಲ್ಲೂ ಖುಷಿ ಕೊಡ್ತದೆ.

ಬಿಳಿ ಹಿಮದ ಡ್ರೆಸ್

ಹಬ್ಬ ಅಂತಲ್ಲ, ಚಳಿಗಾಲ ಅಂತ. ಬಿಳಿ, ಬೂದು, ತಿಳಿನೀಲಿ. ಇದನ್ನು ಆರಿಸುವವರು ಚಂದಕ್ಕಿಂತ ಆಟ ನೋಡುವವರು. ಪಬ್‌ಜಿಗೆ 2018ರ ಡಿಸೆಂಬರಲ್ಲಿ ವಿಕೆಂಡಿ ಅಂತ 6 ಕಿಲೋಮೀಟರ್ ಉದ್ದ 6 ಕಿಲೋಮೀಟರ್ ಅಗಲದ ಹಿಮದ ಮ್ಯಾಪ್ ಬಂತಲ್ಲ, ಅಲ್ಲಿ ಬಿಳಿ ಬಟ್ಟೆ ಹಾಕಿ ಮಲಗಿದವನನ್ನು ಹುಡುಕುದು ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತುಂಟು. ಅದೇ ಬಿಳಿ ಬಟ್ಟೆ ಎರಂಗೆಲ್ ಅನ್ನುವ ಇನ್ನೊಂದು ಮ್ಯಾಪಿನ ಹಸಿರು ಗುಡ್ಡದಲ್ಲಿ ಹಾಕಿದ್ರೆ ದೂರದಿಂದಲೇ ಕಂಡು ಹೊಡೀತಾರೆ. ನೀವು ದಿನಾ ಆಡುವ ಮ್ಯಾಪ್ ಯಾವುದು ಅಂತ ನೋಡಿ ತಗೊಳ್ಳಿ, ಇಷ್ಟೇ.

ಈಗ ದುಡ್ಡಿನ ದಾರಿ

ಪೆಟ್ಟಿಗೆ, ಕ್ರೇಟ್, ಸ್ಪಿನ್, ಹೆಸರು ಏನಾದ್ರೂ ಇರ್ಲಿ, ಅದೃಷ್ಟದ ಮೇಲೆ ಬರುವ ವೇಷಕ್ಕೆ ದುಡ್ಡು ಹಾಕ್ಬೇಡಿ. 500 ರುಪಾಯಿ ಇರುವವರಿಗಂತೂ ಬೇಡವೇ ಬೇಡ. ನೇರ ಬೆಲೆ ಇದ್ರೆ ಸಾಲುದಿಲ್ಲ ಅಂತ ಗೊತ್ತಾಗಿ ಸುಮ್ಮನಾಗ್ತೀರಿ. ಸ್ಪಿನ್ನಲ್ಲಿ ಇನ್ನೊಂದೇ ಸಲ ಅಂತ ಕೈ ಹೋಗ್ತದೆ, ಕೊನೆಗೆ ಬೇಡದ ಚಪ್ಪಲಿ, ಪ್ಯಾರಾಶೂಟ್ ಬಣ್ಣ ಸಿಗ್ತದೆ. ಬೆಲ್ಜಿಯಂ ದೇಶದಲ್ಲಿ 2018ರಲ್ಲೇ ಇಂಥ ದುಡ್ಡಿನ ಪೆಟ್ಟಿಗೆಗಳು ಜೂಜಿನ ಕಾನೂನಿನ ಒಳಗೆ ಬರ್ತವೆ ಅಂತ ಹೇಳಿಬಿಟ್ಟಿದ್ದಾರೆ.

ನೇರ ಬೆಲೆಗೆ ಸಿಗುದನ್ನು ತಗೊಳ್ಳುವಾಗಲೂ ಅವಸರ ಬೇಡ. "ಇನ್ನು 14 ಗಂಟೆ ಮಾತ್ರ" ಅಂತ ಗಡಿಯಾರ ಓಡ್ತಾ ಇರ್ತದೆ, ಮಕ್ಕಳಿಗೆ ಅದನ್ನು ನೋಡಿ ಎದೆ ಹೊಡ್ಕೊಳ್ತದೆ. ಆದ್ರೆ ದೊಡ್ಡ ಗೇಮುಗಳ ಕ್ರಿಸ್ಮಸ್ ವೇಷ ಹೆಚ್ಚಿನದ್ದು ಮುಂದಿನ ಡಿಸೆಂಬರಲ್ಲಿ ತಿರುಗಿ ಬರ್ತದೆ, ಬಾರದೇ ಇರುದು ಕಡಿಮೆ. ಫೋರ್ಟ್‌ನೈಟಲ್ಲಿ ಅಂಗಡಿಯಿಂದ ತಗೊಂಡದ್ದು ಹಿಡಿಸ್ಲಿಲ್ಲ ಅಂದ್ರೆ, ಅದನ್ನು ಹಾಕಿ ಮ್ಯಾಚಿಗೆ ಹೋಗದೇ ಇದ್ರೆ, 24 ಗಂಟೆಯೊಳಗೆ ಕ್ಯಾನ್ಸಲ್ ಮಾಡ್ಲಿಕ್ಕೂ ಆಗ್ತದೆ. ಹಾಗಾಗಿ ತಗೊಂಡ ಕೂಡ್ಲೇ ಮ್ಯಾಚಿಗೆ ಹಾರ್ಬೇಡಿ, ವೇಷಗಳನ್ನು ಇಡುವ ಲಾಕರಲ್ಲಿ ತಿರುಗಿಸಿ ನೋಡಿ. ಅಪ್ಪ ಅಮ್ಮಂದಿರಿಗೆ ಒಂದು ಮಾತು: ಫೋನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಿ. ಒಂದೇ ಗುಂಡಿ ಒತ್ತಿದ್ರೆ ಖರೀದಿ ಆಗಿಹೋಗುವ ತರ ಇಟ್ಟಿದ್ರು ಅನ್ನುವ ದೂರಿಗೆ ಅಮೆರಿಕದಲ್ಲಿ 2022ರ ಡಿಸೆಂಬರಲ್ಲಿ ಫೋರ್ಟ್‌ನೈಟ್ ಮಾಡಿದ ಎಪಿಕ್ ಗೇಮ್ಸ್ ಆಟಗಾರರಿಗೆ ದುಡ್ಡು ವಾಪಸ್ ಕೊಡ್ಲಿಕ್ಕೆ 24.5 ಕೋಟಿ ಡಾಲರ್ ತೆರಲು ಒಪ್ಪಿತು, ಅಂದ್ರೆ ಇದು ನಿಮ್ಮ ಮಗನೊಬ್ಬನ ಕಥೆ ಅಲ್ಲ.

ಫ್ರೀ ದಾರಿ ಜನ ಅಂದಾಜು ಮಾಡಿದ್ದಕ್ಕಿಂತ ದೊಡ್ಡದುಂಟು. ಫೋರ್ಟ್‌ನೈಟಿನ ಕ್ರಿಸ್ಮಸ್ ಟೈಮಿನ ಹಬ್ಬ ವಿಂಟರ್‌ಫೆಸ್ಟಲ್ಲಿ ಮರದ ಮನೆಯೊಳಗೆ ಗಿಫ್ಟ್ ಪೊಟ್ಟಣ ಇಟ್ಟಿರ್ತಾರೆ, ದಿನಾ ಬಂದು ಬಿಚ್ಚುದು. 2021ರಲ್ಲಿ ಅದರಲ್ಲೇ ಕ್ರಿಸಬೆಲ್ ಮತ್ತು ಬಾಳೆಹಣ್ಣು ಪೀಲಿಯ ಚಳಿಗಾಲದ ವೇಷ, 2022ರಲ್ಲಿ ಆರ್ಕ್ಟಿಕ್ ಅಡೆಲೀನ್ ಮತ್ತು ಗಫ್, ಎಲ್ಲ ಪೂರ್ತಿ ವೇಷಗಳೇ, ಪೈಸೆ ಇಲ್ಲ. ಓವರ್‌ವಾಚ್ 2ರಲ್ಲಿ 2022ರ ಡಿಸೆಂಬರಲ್ಲಿ ಬಾಸ್ಟಿಯನ್ ಅನ್ನುವ ರೋಬೋಟಿನ ಜಿಂಜರ್‌ಬ್ರೆಡ್ ವೇಷ ಒಂದೇ ಒಂದು ಕಾಯಿನಿಗೆ ಕೊಟ್ರು. ಹಾಗಾಗಿ ಡಿಸೆಂಬರ್ ಮೊದಲ ವಾರದಲ್ಲೇ ದುಡ್ಡು ಬಿಚ್ಬೇಡಿ, ಫ್ರೀ ಏನು ಬರ್ತದೆ ನೋಡಿ, ಆಮೇಲೆ.

ಆಡಿ ಸಂಪಾದಿಸುದು ಬೇಕಾದವರಿಗೆ ಟೆರೇರಿಯಾ ಅನ್ನುವ ಗೇಮು. ಡಿಸೆಂಬರ್ 15ರಿಂದ 31ರವರೆಗೆ ಅಲ್ಲಿ ಶತ್ರುಗಳನ್ನು ಹೊಡೆದ್ರೆ ಗಿಫ್ಟ್ ಪೊಟ್ಟಣ ಬೀಳ್ತದೆ. ಹಾರ್ಡ್‌ಮೋಡಿಗೆ, ಅಂದ್ರೆ ಆಟದ ಕಷ್ಟದ ಎರಡನೇ ಭಾಗಕ್ಕೆ, ತಲುಪಿದವರಿಗೆ ಅದರಲ್ಲಿ ಸ್ನೋ ಗ್ಲೋಬ್ ಸಿಗಬಹುದು, ಅದನ್ನು ಬಳಸಿ ಫ್ರಾಸ್ಟ್ ಲೀಜನ್ ಅನ್ನುವ ಹಿಮದ ಗೊಂಬೆಗಳ ಸೈನ್ಯವನ್ನು ಕರೆದು ಸೋಲಿಸಿದ್ರೆ ಸಾಂಟಾನೇ ಊರಿಗೆ ಬಂದು ಟೊಪ್ಪಿ, ಅಂಗಿ, ಚಡ್ಡಿ ಮಾರ್ತಾನೆ, ಅದೂ ಗೇಮಿನ ದುಡ್ಡಿಗೇ. ಯುದ್ಧದ ಕವಚದ ಮೇಲೆಯೇ ಹಾಕುವ ಬೇರೆ ಸ್ಲಾಟ್ ಉಂಟು, ಬಲ ಕಡಿಮೆ ಆಗುದಿಲ್ಲ. ಗೇಮನ್ನು ಒಂದು ಸಲ ದುಡ್ಡು ಕೊಟ್ಟು ತಗೊಳ್ಳಬೇಕು, ಆಮೇಲೆ ವೇಷಕ್ಕೆ ಏನೂ ಇಲ್ಲ. ರಜೆ ಪೂರ್ತಿ ಇರುವವರಿಗೆ ಇದು, ದಿನಕ್ಕೆ ಅರ್ಧ ಗಂಟೆ ಮಾತ್ರ ಫೋನ್ ಸಿಗುವವರಿಗೆ ಅಲ್ಲ.

ಮತ್ತೆ ನನಗೆ ಎಲ್ಲಕ್ಕಿಂತ ಇಷ್ಟದ್ದು, ಮೈನ್‌ಕ್ರಾಫ್ಟಲ್ಲಿ ನೀವೇ ಬಿಡಿಸುದು. ಸ್ಕಿನ್ ಅಂದ್ರೆ 64 ಪಿಕ್ಸೆಲ್ ಉದ್ದ 64 ಪಿಕ್ಸೆಲ್ ಅಗಲದ ಒಂದು ಪಿಎನ್‌ಜಿ ಚಿತ್ರ, ಅಷ್ಟೇ. ತಲೆಯ ಒಂದೊಂದು ಬದಿ 8ಕ್ಕೆ 8 ಚೌಕ, ಎದೆ 8 ಅಗಲ 12 ಎತ್ತರ, ಕೈ 4 ಅಗಲ, ಸ್ಲಿಮ್ ಮಾಡೆಲ್ ಆದ್ರೆ 3. ಎದೆಯ 96 ಚೌಕದಲ್ಲಿ ಸ್ವೆಟರಿನ ನಮೂನೆ ಕೂರಿಸಬೇಕು. ಕೆಂಪು ತುಂಬಿಸಿ, ಮೇಲಿಂದ ಮೂರನೇ ಸಾಲಿನಲ್ಲಿ ಒಂದು ಬಿಟ್ಟು ಒಂದು ಬಿಳಿ, ಅದರ ಕೆಳಗಿನ ಸಾಲಿನಲ್ಲಿ ಬಿಟ್ಟ ಜಾಗಕ್ಕೆ ಬಿಳಿ, ಅಲ್ಲಿಗೆ ನೇಯ್ದ ಹಾಗೆ ಕಾಣ್ತದೆ. ಅದೇ ಎರಡು ಸಾಲನ್ನು ಕೈಗೂ ಬೆನ್ನಿಗೂ ಅದೇ ಎತ್ತರದಲ್ಲಿ ಸುತ್ತಿಸಿ, ಇಲ್ಲದಿದ್ರೆ ಪಕ್ಕದಿಂದ ನೋಡುವಾಗ ಹರಿದ ಹಾಗಿರ್ತದೆ. ತಲೆಗೆ ಎರಡನೇ ಪದರ ಅಂತ ಉಂಟು, ಟೊಪ್ಪಿಯನ್ನು ಅದರಲ್ಲೇ ಬಿಡಿಸಿ, ಚೂರು ಉಬ್ಬಿ ನಿಲ್ತದೆ. ಸಾಂಟಾ ಟೊಪ್ಪಿಯೇ ಆಗಬೇಕಂತಿಲ್ಲ, ಅಡಿಕೆ ಹಾಳೆಯ ಮುಟ್ಟಾಳೆ ಬಿಡಿಸಿ ಅಂಚಿಗೆ ಒಂದು ಸಾಲು ಬಿಳಿ ಹಿಮ ಕೂರಿಸಿದ್ರೆ ಎಷ್ಟು ಚಂದ ಕಾಣ್ತದೆ ಗೊತ್ತುಂಟಾ, ಅಂಥ ವೇಷ ಯಾವ ಅಂಗಡಿಯಲ್ಲೂ ಸಿಗುದಿಲ್ಲ. ಡಿಸೆಂಬರ್ 24ರಿಂದ 26ರವರೆಗೆ ಕಂಪ್ಯೂಟರಲ್ಲಿ ಆಡುವ ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಪೆಟ್ಟಿಗೆಗಳೂ ಗಿಫ್ಟ್ ಪೊಟ್ಟಣದ ಹಾಗೆ ಬದಲಾಗ್ತವೆ, ಅದರ ಎದುರು ನಿಂತು ಸ್ಕ್ರೀನ್‌ಶಾಟ್ ತೆಗೀರಿ. ಫೋನಲ್ಲೂ ಗ್ಯಾಲರಿಯಿಂದ ಸ್ಕಿನ್ ಹಾಕ್ಲಿಕ್ಕೆ ಆಗ್ತದೆ. ಗೆಳೆಯರಿಗೆ ನಿಮ್ಮ ವೇಷ ಕಾಣದೇ ಇದ್ರೆ ಅವರ ಸೆಟ್ಟಿಂಗಲ್ಲಿ ಟ್ರಸ್ಟೆಡ್ ಸ್ಕಿನ್ ಮಾತ್ರ ಅಂತ ಆನ್ ಇರಬಹುದು, ಅದನ್ನು ಆಫ್ ಮಾಡ್ಲಿಕ್ಕೆ ಹೇಳಿ.

ಯಾರಿಗೆ ಯಾವುದು ಅಂತ ನೇರ ಕೇಳಿದ್ರೆ: ದುಡ್ಡೇ ಇಲ್ಲದವರಿಗೆ ಮೈನ್‌ಕ್ರಾಫ್ಟ್ ಈಗಾಗ್ಲೇ ಇದ್ರೆ ಸ್ವಂತ ಸ್ಕಿನ್, ಇಲ್ಲದಿದ್ರೆ ವಿಂಟರ್‌ಫೆಸ್ಟ್ ತರದ ಫ್ರೀ ವೇಷ. 500ರ ಒಳಗೆ ಅಂದ್ರೆ ಚೂರು ಚೂರಾಗಿ ಸೇರಿಸುವ ಟೊಪ್ಪಿ, ಮಫ್ಲರ್. ಸ್ವಲ್ಪ ಜಾಸ್ತಿ ಹಾಕಬಲ್ಲಿರಿ, ಒಂದೇ ವೇಷ ಸಾಕು ಅಂತಿದ್ರೆ ಜಿಂಜರ್‌ಬ್ರೆಡ್ ಅಥವಾ ನಟ್‌ಕ್ರ್ಯಾಕರ್. ಗೆಲ್ಲುದೇ ಮುಖ್ಯ ಅನ್ನುವವರು ಮ್ಯಾಪಿಗೆ ತಕ್ಕ ಬಣ್ಣ. ಓವರ್‌ವಾಚ್ ಆಡುವವರು ನಿಮ್ಮ ಕೈ ಮತ್ತು ಗನ್ನು ಬದಲಾಗುವ ವೇಷ ಮಾತ್ರ.

ಗಲ್ಫಲ್ಲಿ ಇರುವ ಮಾವ, ಚಿಕ್ಕಪ್ಪ ಗಿಫ್ಟ್ ಕಾರ್ಡ್ ಕಳಿಸ್ತೇನೆ ಅಂದ್ರೆ ಮೊದಲೇ ಹೇಳಿ, ದುಬೈಯಲ್ಲಿ ತಗೊಂಡ ಗೂಗಲ್ ಪ್ಲೇ ಕಾರ್ಡ್ ಇಲ್ಲಿಯ ಅಕೌಂಟಿಗೆ ಹಿಡಿಯುದಿಲ್ಲ, ಯಾವ ದೇಶದ್ದೋ ಆ ದೇಶಕ್ಕೇ. ಅದರ ಬದಲು ದುಡ್ಡು ಕಳಿಸ್ಲಿ, ಇಲ್ಲಿಂದಲೇ ಯುಪಿಐ ಮಾಡುವ. ಮತ್ತೆ ಗೆಸ್ಟ್ ಅಂತ ಲಾಗಿನ್ ಆಗಿ ಆಡ್ತಾ ಇದ್ರೆ ವೇಷ ತಗೊಳ್ಳುವ ಮೊದಲೇ ಗೂಗಲ್ ಅಕೌಂಟಿಗೋ ಬೇರೆ ಯಾವುದಕ್ಕೋ ಲಿಂಕ್ ಮಾಡಿ, ಗೆಸ್ಟ್ ಅಕೌಂಟ್ ಆ ಫೋನಿಗೇ ಅಂಟಿದ್ದು, ಫೋನ್ ಹಾಳಾದ್ರೆ ವೇಷವೂ ಅದರ ಜೊತೆಗೇ ಹೋಗ್ತದೆ. ಅಕ್ಕ ತಮ್ಮ ಇಬ್ಬರೂ ಒಂದೇ ಫೋನಲ್ಲಿ ಆಡುದಾದ್ರೆ ಅಕೌಂಟ್ ಯಾರ ಹೆಸರಲ್ಲಿ ಅಂತ ದುಡ್ಡು ಹಾಕುವ ಮೊದಲು ಮಾತಾಡಿಕೊಳ್ಳಿ, ಒಬ್ಬರ ಅಕೌಂಟಿಗೆ ತಗೊಂಡ ವೇಷವನ್ನು ಆಮೇಲೆ ಇನ್ನೊಬ್ಬರದ್ದಕ್ಕೆ ದಾಟಿಸ್ಲಿಕ್ಕೆ ಹೆಚ್ಚಿನ ಗೇಮಲ್ಲಿ ಆಗುದಿಲ್ಲ.